ರಸಪರಿತ್ಯಾಗವೂ ನಿತ್ಯದ ಎಣ್ಣೆಯೂ

ಬಾಹ್ಯ ತಪಸ್ಸುಗಳು ಆರು. ಅವುಗಳಲ್ಲಿ ನಾಲ್ಕನೆಯದು ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನಾಗಲಿ ಹಲವನ್ನಾಗಲಿ ತೊರೆದು ಉಣ್ಣುವುದು ಇದರ ಲಕ್ಷಣ. ಬುಧವಾರ ತುಪ್ಪವನ್ನೂ ಶನಿವಾರ ಎಣ್ಣೆಯನ್ನೂ ಬಿಡುವ ರೂಢಿ ಕೆಲವು ಶ್ರಾವಕರಲ್ಲಿ ಉಂಟು. ಜಿಹ್ವಾಲೋಲುಪತೆಯನ್ನು ಗೆಲ್ಲುವುದೇ ಇದರ ಉದ್ದೇಶ. ದೇಹಾರೋಗ್ಯವು ಆನುಷಂಗಿಕ ಫಲ.

ಆದರೆ ಶನಿವಾರ ಬಿಟ್ಟ ಎಣ್ಣೆಯು ಭಾನುವಾರ ಪೂರಿ, ಕರಚಿಕಾಯಿ, ಚಕ್ಕುಲಿಗಳ ರೂಪದಲ್ಲಿ ಇಮ್ಮಡಿಯಾಗಿ ಮರಳಿದರೆ ಫಲವೆರಡೂ ಕೈತಪ್ಪುವವು. ಅದು ತ್ಯಾಗವಲ್ಲ, ಮುಂದೂಡಿಕೆ ಮಾತ್ರ. ಉಪವಾಸದ ಪಾರಣೆಗೂ ಇದೇ ಮಾತು ಸಲ್ಲುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ನಿತ್ಯದ ಊಟಕ್ಕೆ ಹೆಚ್ಚು ಎಣ್ಣೆ ಬೇಕಿಲ್ಲ. ಬಿಳಿಜೋಳದ ರೊಟ್ಟಿಗೆ ಹಿಟ್ಟು, ನೀರು, ಬೆಂಕಿ ಇದ್ದರೆ ಸಾಕು. ಈ ಸೀಮೆಯ ಕುಸುಬಿ ಎಣ್ಣೆಯಲ್ಲಿ ಹೃದಯಕ್ಕೆ ಹಿತವಲ್ಲದ ಪರ್ಯಾಪ್ತ ಕೊಬ್ಬು ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ತುಪ್ಪದಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಆದರೆ ಯಾವ ಎಣ್ಣೆಯಾದರೂ 1 ಗ್ರಾಂ ಕೊಬ್ಬಿನಿಂದ ದೊರೆಯುವುದು 9 ಕ್ಯಾಲರಿ. ಶೇಂಗಾ ಬೀಜದ ತೂಕದಲ್ಲಿಯೂ ಸುಮಾರು ಅರ್ಧ ಎಣ್ಣೆಯೇ ಆಗಿರುವುದರಿಂದ, ಶೇಂಗಾ ಹಿಂಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ವನಸ್ಪತಿಯು ಬೇರೊಂದು ಬಗೆಯದು. ದ್ರವ ಎಣ್ಣೆಗೆ ಜಲಜನಕ ಸೇರಿಸಿ ಅರೆಬರೆ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಇದು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ಆದುದರಿಂದಲೇ 2022ರ ಜನವರಿಯಿಂದ ಭಾರತದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಇದಕ್ಕೆ ಶೇ. 2ರ ಮಿತಿ ವಿಧಿಸಲಾಗಿದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಹಾನಿಕರವೇ.

ಪರಿಹಾರವು ಶ್ರಾವಕವ್ರತಗಳಲ್ಲಿಯೇ ಇದೆ. ಅದು ಭೋಗೋಪಭೋಗ ಪರಿಮಾಣ. ಪರಿಮಾಣವೆಂದರೆ ಅಳತೆ. ಐವರಿರುವ ಮನೆಯಲ್ಲಿ ತಿಂಗಳಿಗೆ 6 ಕಿಲೋ ಎಣ್ಣೆ ಮುಗಿದರೆ, ಒಬ್ಬರಿಗೆ ದಿನಕ್ಕೆ 40 ಗ್ರಾಂ, ಅಂದರೆ 360 ಕ್ಯಾಲರಿ. ಅದನ್ನು ನಾಲ್ಕೂವರೆ ಕಿಲೋಗೆ ಇಳಿಸಿದರೆ 30 ಗ್ರಾಂ ಆಗುವುದು. ತಿಂಗಳ ಮೊದಲ ದಿನವೇ ಅಳೆದು ಬೇರೆ ಡಬ್ಬಿಯಲ್ಲಿಟ್ಟು, ಒಗ್ಗರಣೆಗೆ ಚಮಚವನ್ನೇ ಬಳಸಿದರೆ ಕೈ ತಾನೇ ಮಿತವಾಗುವುದು. ರೋಗಿಗಳೂ ಗರ್ಭಿಣಿಯರೂ ವೈದ್ಯರ ಸಲಹೆ ಪಡೆದೇ ನಿಯಮ ಹಿಡಿಯತಕ್ಕದ್ದು.

ಕಾಲಾವಧಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಕರಿದುದನ್ನು ಬಿಡುವ ಗೃಹಸ್ಥನು ಹನ್ನೊಂದನೆಯ ದಿನವೂ ಬಾಣಲೆಯನ್ನು ಒಲೆಗೇರಿಸದಿದ್ದರೆ, ಅಲ್ಲಿಂದ ವ್ರತವು ಅಡುಗೆಮನೆಯ ನಡತೆಯಾಗುವುದು.