ತಾಯಿಯ ನೆಲ, ಮಕ್ಕಳ ಪಯಣ

ಮಲೇಷ್ಯಾದ ಪಶ್ಚಿಮ ಕರಾವಳಿಯಲ್ಲಿ ನೆಗೆರಿ ಸೆಂಬಿಲಾನ್ ಎಂಬ ರಾಜ್ಯವಿದೆ. ಸುಮಾತ್ರಾ ದ್ವೀಪದಿಂದ ಶತಮಾನಗಳ ಹಿಂದೆ ವಲಸೆ ಬಂದ ಮಿನಾಂಗ್ಕಬಾವ್ ಜನರ ಸಂತತಿಯವರು ಅಲ್ಲಿಯ ರೆಂಬಾವ್, ಕ್ವಾಲಾ ಪಿಲಾ ಪ್ರಾಂತಗಳಲ್ಲಿ ನೆಲೆಸಿದ್ದಾರೆ. ಹಳ್ಳಿಗೆ ಅವರ ನುಡಿಯಲ್ಲಿ 'ಕಂಪುಂಗ್' ಎಂದು ಹೆಸರು. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮರದ ಮನೆ, ಸುತ್ತಲೂ ತೆಂಗು ಮತ್ತು ಹಣ್ಣಿನ ಮರಗಳು, ತಗ್ಗಿನಲ್ಲಿ ಬತ್ತದ ಗದ್ದೆ, ದಿಣ್ಣೆಯಲ್ಲಿ ರಬ್ಬರ್ ತೋಟ: ಇದು ಹಳೆಯ ಕಂಪುಂಗಿನ ಸ್ವರೂಪ.

ಆಸ್ತಿಗೆ ಮಲಯ ಭಾಷೆಯಲ್ಲಿ 'ಹರ್ತಾ' ಎನ್ನುವರು. ಸಂಸ್ಕೃತದ 'ಅರ್ಥ' ಶಬ್ದವೇ ಅದಕ್ಕೆ ಮೂಲ. ಈ ಜನರು ಇಸ್ಲಾಂ ಧರ್ಮಾನುಯಾಯಿಗಳಾದರೂ, 'ಅದಾತ್ ಪೆರ್ಪತಿಹ್' ಎಂಬ ಸಂಪ್ರದಾಯದಂತೆ ಕುಲದ ಭೂಮಿಯು ತಾಯಿಯಿಂದ ಮಗಳಿಗೆ ಸಲ್ಲುತ್ತದೆ. ಮದುವೆಯಾದ ಗಂಡು ಹೆಂಡತಿಯ ಊರಿಗೆ ಹೋಗಿ ನೆಲಸುವುದು ಪೂರ್ವದ ವಾಡಿಕೆ. ದಂಪತಿಗಳು ಕೂಡಿ ಗಳಿಸಿದ ಸೊತ್ತಿನಲ್ಲಿ ಇಬ್ಬರಿಗೂ ಪಾಲುಂಟು. ರಬ್ಬರ್ ಬೆಳೆಯ ಲಾಭದಿಂದ ನೆಲಕ್ಕೆ ಬೇಡಿಕೆ ಏರಿದ ಕಾಲದಲ್ಲಿ, ಅಂದರೆ 1909ರಲ್ಲಿ, ಒಂದು ಶಾಸನವಾಯಿತು. ಕುಲದ ಭೂಮಿಯೆಂದು ದಾಖಲಾದ ನೆಲವು ಆ ಕುಲದ ಸ್ತ್ರೀಯರ ಕೈಬಿಟ್ಟು ಹೋಗದಂತೆ ಅದು ಕಟ್ಟುಮಾಡಿತು.

ಕುಲದ ನೆಲದಲ್ಲಿ ಸ್ವಂತ ಹಕ್ಕಿಲ್ಲದ ತರುಣರು ಗಳಿಕೆಗೂ ಲೋಕಾನುಭವಕ್ಕೂ ಪರಸ್ಥಳಕ್ಕೆ ತೆರಳುತ್ತಿದ್ದರು. ಇದಕ್ಕೆ 'ಮೆರಾಂತಾವ್' ಎಂದು ಹೆಸರು. ಹಿಂದೆ ಪುರುಷರದಾಗಿದ್ದ ಈ ಪಯಣ ಈಗ ಸ್ತ್ರೀಯರದೂ ಆಗಿದೆ. ವಿದ್ಯಾವಂತರಾದ ಹೆಣ್ಣುಮಕ್ಕಳು ಸೆರೆಂಬಾನ್, ಕ್ವಾಲಾಲಂಪುರಗಳಲ್ಲಿ ಉದ್ಯೋಗಸ್ಥರಾಗಿದ್ದಾರೆ. ತಲೆಮಾರಿನಿಂದ ತಲೆಮಾರಿಗೆ ಹಕ್ಕುದಾರರು ಹೆಚ್ಚಿ, ಒಂದೇ ತುಂಡು ನೆಲಕ್ಕೆ ಹಲವರು ಒಡತಿಯರಾಗಿ, ಅನೇಕ ಗದ್ದೆಗಳು ಬೀಳುಬಿದ್ದಿವೆ. ಶಾಸನವು ನೆಲವನ್ನು ಪರರ ಪಾಲಾಗದಂತೆ ಕಾಯಿತು. ಅದನ್ನು ಉಳುವವರನ್ನು ಊರಿನಲ್ಲಿ ಉಳಿಸಿಕೊಳ್ಳುವುದು ಅದರಿಂದಾಗಲಿಲ್ಲ.