ಕಾಣೆಯಾದ 1993 ಮತ್ತು ಇತರ ಪಾಠಗಳು

ಯುದ್ಧ, ಆಡಳಿತ ವ್ಯವಸ್ಥೆ, ಭಯೋತ್ಪಾದನೆ: ರಾಜ್ಯಶಾಸ್ತ್ರದ ಈ ವಿಷಯಗಳನ್ನು ಹಿಡಿದು ಸಂಶೋಧನೆಗೆ ಬರುವವರು ಮೊದಲ ವಾರವೇ ಒಂದು ದತ್ತಾಂಶವನ್ನು ಇಳಿಸಿಕೊಂಡು ರೇಖಾಚಿತ್ರ ಬರೆಯಲು ಕೂರುತ್ತಾರೆ. ಈಗ ಅದೆಲ್ಲ ಸುಲಭ. ಆದರೆ ಆ ಕೋಷ್ಟಕದ ಸಾಲುಗಳ ಹಿಂದೆ ಸತ್ತ ಮನುಷ್ಯರಿದ್ದಾರೆ. ಯಾರು, ಯಾವಾಗ, ಯಾವ ಅಳತೆಯಿಂದ ಅವರನ್ನು ಎಣಿಸಿದರು ಎಂದು ಕೇಳದೆ ಸಿದ್ಧಾಂತ ಕಟ್ಟಬಾರದು. ನನ್ನ ವಿದ್ಯಾರ್ಥಿಗಳಿಗೆ ವರ್ಷ ವರ್ಷವೂ ಹೇಳುತ್ತ ಬಂದಿರುವುದು ಇದನ್ನೇ.

1. ಖಾಲಿ ಜಾಗವನ್ನೂ ಓದಬೇಕು

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೋಬಲ್ ಟೆರರಿಸಂ ಡೇಟಾಬೇಸ್ 1970ರಿಂದೀಚಿನ ಎರಡು ಲಕ್ಷಕ್ಕೂ ಹೆಚ್ಚು ಘಟನೆಗಳನ್ನು ದಾಖಲಿಸಿದೆ. ಅದರ ಮುಖ್ಯ ಕಡತದಿಂದ ಭಾರತದ ಸಾಲುಗಳನ್ನು ತೆಗೆದು ವರ್ಷವಾರು ಜೋಡಿಸಿ ನೋಡಿ: 1992 ಆದ ಮೇಲೆ 1994 ಬರುತ್ತದೆ. 1993 ಇಲ್ಲ. ಆ ವರ್ಷದ ಮಾರ್ಚ್ 12ರಂದು ಮುಂಬೈಯ ಸರಣಿ ಸ್ಫೋಟಗಳಲ್ಲಿ 257 ಮಂದಿ ಸತ್ತಿದ್ದರು. ಅದಕ್ಕೆ ಎರಡು ವಾರ ಮೊದಲು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯಲ್ಲಿ ಬಾಂಬ್ ಸಿಡಿದಿತ್ತು.

ಮೊದಲ ದಶಕಗಳ ಮಾಹಿತಿಯನ್ನು ಕಲೆಹಾಕಿದ್ದು ಪಿಂಕರ್ಟನ್ ಎಂಬ ಖಾಸಗಿ ಭದ್ರತಾ ಸಂಸ್ಥೆ. ಒಂದೊಂದು ಘಟನೆಯನ್ನೂ ಕಾರ್ಡಿನ ಮೇಲೆ ಬರೆದಿಡುತ್ತಿದ್ದರು. ಕಚೇರಿ ಸ್ಥಳಾಂತರವಾದಾಗ 1993ರ ಕಾರ್ಡುಗಳು ಕಳೆದುಹೋದವು. ವಿಶ್ವವಿದ್ಯಾಲಯ ಇದನ್ನು ಮುಚ್ಚಿಟ್ಟಿಲ್ಲ; ಕಡತದ ಜೊತೆಗಿನ ಕೈಪಿಡಿಯಲ್ಲೇ ಹೇಳಿದೆ. ಮಾಹಿತಿ ಸಂಗ್ರಹದ ವಿಧಾನ 2012ರಲ್ಲಿ ಬದಲಾಯಿತು, ಆದ್ದರಿಂದ ಆ ವರ್ಷದ ಏರಿಕೆಯಲ್ಲಿ ಒಂದು ಪಾಲು ವಿಧಾನದ್ದೇ ಎಂದೂ ಎಚ್ಚರಿಸಿದೆ. ಆದರೂ ಆ ಏರಿಕೆಯನ್ನು ತೋರಿಸಿ ‘ಭಯೋತ್ಪಾದನೆ ಇಷ್ಟು ಪಟ್ಟು ಹೆಚ್ಚಿತು’ ಎಂದು ಬರೆದ ಪ್ರಬಂಧಗಳು ನನ್ನ ಮೇಜಿನ ಮೇಲೆ ಬರುತ್ತಲೇ ಇವೆ. ಕೈಪಿಡಿ ಓದದವರ ಪ್ರಬಂಧವನ್ನು ನಾನು ಮುಂದೆ ಓದುವುದಿಲ್ಲ.

2. ಎಷ್ಟು ಜನ ಸತ್ತರೆ ಸಂಘರ್ಷ?

ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಸರ್ಕಾರ ಮತ್ತು ಅದರ ಎದುರಾಳಿಯ ನಡುವಿನ ಕಾದಾಟದಿಂದ ವರ್ಷಕ್ಕೆ ಕನಿಷ್ಠ 25 ಸಾವು ಆದರೆ ಸಶಸ್ತ್ರ ಸಂಘರ್ಷ, 1000 ಮುಟ್ಟಿದರೆ ಯುದ್ಧ. ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಅದರಲ್ಲಿ ತಪ್ಪಿಲ್ಲ. ಆ ಗೆರೆಯ ಕೆಳಗೆ ಬದುಕುವವರನ್ನು ಮರೆಯುವುದು ತಪ್ಪು.

ನಮ್ಮ ಮಲೆನಾಡನ್ನೇ ನೋಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ಭಯ, ನಕ್ಸಲ್ ಗುಂಪುಗಳು, ಎನ್‌ಕೌಂಟರ್‌ಗಳು, ಇವುಗಳ ನಡುವೆ ಅಲ್ಲಿನ ಹಾಡಿಗಳು ಎರಡು ದಶಕ ಕಳೆದವು. ಅಲ್ಲಿನ ಸಾವುಗಳನ್ನಷ್ಟೇ ಎಣಿಸಿದರೆ ಅದು ಸಂಘರ್ಷವೇ ಅಲ್ಲ. ಮಧ್ಯ ಭಾರತದ ದಂಡಕಾರಣ್ಯದ ನಕ್ಸಲ್ ಸಂಘರ್ಷದ ಲೆಕ್ಕದ ಬಾಲವಾಗಿ ಮಾತ್ರ ಅದು ಕಡತ ಸೇರುತ್ತದೆ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಎದುರು ಶರಣಾದರು. ಮಲೆನಾಡಿನ ಮಟ್ಟಿಗೆ ದೊಡ್ಡ ತಿರುವು ಅದು. ಆದರೆ ಅಂದು ಯಾರೂ ಸಾಯಲಿಲ್ಲ, ಹಾಗಾಗಿ ಸಾವುಗಳ ಕಡತದಲ್ಲಿ ಅದಕ್ಕೊಂದು ಸಾಲಿಲ್ಲ. ಶಾಂತಿ ಹೇಗೆ ಬಂತು ಎಂದು ತಿಳಿಯಬೇಕಾದವರು ಬೇರೆ ಕಡೆ ಹುಡುಕಬೇಕು.

3. ಸ್ಥಳೀಯ ಭಾಷೆಯ ಪತ್ರಿಕೆ ಬೇಕೇ ಬೇಕು

ಜಾಗತಿಕ ದತ್ತಾಂಶಗಳಿಗೆ ಸುದ್ದಿಸಂಸ್ಥೆಗಳೇ ಮುಖ್ಯ ಆಧಾರ. ಪೇಟೆಗೆ ಹತ್ತಿರದ ಘಟನೆ ಸೇರುತ್ತದೆ, ರಸ್ತೆಯಿಲ್ಲದ ಊರಿನದು ತಪ್ಪಿಹೋಗುತ್ತದೆ. ಜಿಲ್ಲಾ ಪತ್ರಿಕೆಯ ಹಳೆಯ ಸಂಚಿಕೆಗಳ ಮುಂದೆ ಕೂತು ಓದಿದವರಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕನ್ನಡ, ತೆಲುಗು, ಹಿಂದಿ ಓದಬಲ್ಲ ಸಂಶೋಧಕರಿಗೆ ಇರುವ ಅನುಕೂಲ ಉಪ್ಸಾಲದವರಿಗಿಲ್ಲ. ಅದನ್ನು ಬಿಟ್ಟುಕೊಡಬೇಡಿ.

4. ಕಾರ್ಗಿಲ್ ಎಂಬ ಪರೀಕ್ಷೆ

ಪ್ರಜಾಪ್ರಭುತ್ವಗಳು ಪರಸ್ಪರ ಯುದ್ಧ ಮಾಡುವುದಿಲ್ಲ ಎಂಬುದು ನಮ್ಮ ಶಾಸ್ತ್ರದ ಅತಿ ಪ್ರಸಿದ್ಧ ವಾದ. ಕಾಂಟ್ 1795ರಲ್ಲಿ ಬರೆದ ವಿಚಾರಕ್ಕೆ ಮೈಕೆಲ್ ಡಾಯ್ಲ್ 1983ರಲ್ಲಿ ಮತ್ತೆ ಜೀವ ಕೊಟ್ಟರು. ತರಗತಿಯಲ್ಲಿ ಇದನ್ನು ಹೇಳಿದ ಕೂಡಲೇ ಯಾರಾದರೂ ಒಬ್ಬರು ಕೇಳುತ್ತಾರೆ: ‘ಹಾಗಾದರೆ ಕಾರ್ಗಿಲ್?’

ಆ ಪ್ರಶ್ನೆಗೆ ತೂಕವಿದೆ. 1999ರ ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋಗಿ ಘೋಷಣೆಗೆ ಸಹಿ ಹಾಕಿದರು. ಎದುರಿಗಿದ್ದ ನವಾಜ್ ಷರೀಫ್ 1997ರ ಚುನಾವಣೆ ಗೆದ್ದು ಪ್ರಧಾನಿಯಾದವರು. ಮೇ ತಿಂಗಳಲ್ಲಿ ಕಾಳಗ ಶುರುವಾಯಿತು. ಜುಲೈ ಹೊತ್ತಿಗೆ ಭಾರತದ 527 ಯೋಧರು ಪ್ರಾಣ ಕೊಟ್ಟಿದ್ದರು. ಅಮೆರಿಕದಲ್ಲಿ ಆರಂಭವಾದ ‘ಕೋರಿಲೇಟ್ಸ್ ಆಫ್ ವಾರ್’ ಯೋಜನೆ ಇದನ್ನು ರಾಷ್ಟ್ರಗಳ ನಡುವಿನ ಯುದ್ಧಗಳ ಪಟ್ಟಿಯಲ್ಲೇ ಸೇರಿಸಿದೆ.

ಇನ್ನು ಆಡಳಿತ ವ್ಯವಸ್ಥೆಯ ಅಂಕಕ್ಕೆ ಬನ್ನಿ. ‘ಪಾಲಿಟಿ’ ಎಂಬ ದತ್ತಾಂಶ ದೇಶಗಳಿಗೆ –10ರಿಂದ +10ರವರೆಗೆ ಅಂಕ ಕೊಡುತ್ತದೆ. 1998ರಲ್ಲಿ ಪಾಕಿಸ್ತಾನಕ್ಕೆ 7, ಭಾರತಕ್ಕೆ 9. ಎರಡೂ ಪ್ರಜಾಪ್ರಭುತ್ವಗಳೇ. 1999ರಲ್ಲಿ ಪಾಕಿಸ್ತಾನದ ಅಂಕ –6. ಏಕೆಂದರೆ ಪಾಲಿಟಿ ನೋಡುವುದು ಆಯಾ ವರ್ಷದ ಡಿಸೆಂಬರ್ 31ರ ಸ್ಥಿತಿಯನ್ನು. ಅಷ್ಟರಲ್ಲಿ, ಅಕ್ಟೋಬರ್ 12ರಂದು, ಸೇನಾ ಮುಖ್ಯಸ್ಥ ಮುಷರಫ್ ಅಧಿಕಾರ ಹಿಡಿದಿದ್ದರು. ಯುದ್ಧ ಮುಗಿದ ಮೇಲೆ ನಡೆದ ಕ್ಷಿಪ್ರಕ್ರಾಂತಿ ಯುದ್ಧಕ್ಕೂ ಮೊದಲೇ ನಡೆದಂತೆ ಕೋಷ್ಟಕದಲ್ಲಿ ಕೂತಿದೆ! ಎರಡು ಪಟ್ಟಿಗಳನ್ನು ವರ್ಷದ ಮೇಲೆ ಸುಮ್ಮನೆ ಜೋಡಿಸಿದರೆ ಕಾರ್ಗಿಲ್ ಪ್ರಜಾಪ್ರಭುತ್ವಕ್ಕೂ ಸೈನಿಕ ಆಡಳಿತಕ್ಕೂ ನಡೆದ ಯುದ್ಧವಾಗಿಬಿಡುತ್ತದೆ, ಸಿದ್ಧಾಂತ ಯಾವ ತೊಡಕೂ ಇಲ್ಲದೆ ಪಾರಾಗುತ್ತದೆ. ಹಿಂದಿನ ವರ್ಷದ ಅಂಕ ಬಳಸಿದರೆ ತೊಡಕು ವಾಪಸು ಬರುತ್ತದೆ.

ನನ್ನ ಅಭಿಪ್ರಾಯದಲ್ಲಿ ಎರಡೂ ಉತ್ತರ ಸಾಲದು. ಕಾರ್ಗಿಲ್ ನುಸುಳುವಿಕೆಯ ಯೋಜನೆ ಪಾಕಿಸ್ತಾನದ ಸೇನೆಯದು. ಷರೀಫ್ ಅವರಿಗೆ ಎಷ್ಟು ಗೊತ್ತಿತ್ತು ಎಂಬ ವಾದ ಇಂದಿಗೂ ನಿಂತಿಲ್ಲ. ಚುನಾವಣೆ ನಡೆಯಿತೇ ಎಂದು ಕೇಳಿದರೆ 7 ಸರಿ. ದಂಡನಾಯಕ ಪ್ರಧಾನಿಯ ಮಾತು ಕೇಳುತ್ತಿದ್ದನೇ ಎಂದು ಕೇಳಿದರೆ ಆ 7 ಏನನ್ನೂ ಹೇಳುವುದಿಲ್ಲ. ದಕ್ಷಿಣ ಏಷ್ಯಾದ ಯುದ್ಧಗಳನ್ನು ಅಧ್ಯಯನ ಮಾಡುವವರು ಎರಡನೆಯ ಪ್ರಶ್ನೆಯಿಂದ ಆರಂಭಿಸಲಿ.

5. ಒಂದೇ ದೇಶ, ಎರಡು ಅಂಕ

ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿ-ಡೆಮ್ ಸಂಸ್ಥೆ ತನ್ನ 2021ರ ವರದಿಯಲ್ಲಿ ಭಾರತವನ್ನು ಚುನಾವಣಾ ನಿರಂಕುಶಾಧಿಕಾರ ಎಂದು ಕರೆಯಿತು. ಪಾಲಿಟಿಯ 2018ರ ಅಂಕ 9. ವಿ-ಡೆಮ್ ತಜ್ಞರ ಅಭಿಪ್ರಾಯದ ಮೂಲಕ ಪತ್ರಿಕೆ, ಸಂಘಟನೆಗಳ ಸ್ವಾತಂತ್ರ್ಯವನ್ನೂ ಅಳೆಯುತ್ತದೆ. ಪಾಲಿಟಿಗೆ ಅಧಿಕಾರಕ್ಕೆ ಬರುವ ದಾರಿ, ಅಧಿಕಾರಕ್ಕಿರುವ ಕಡಿವಾಣ ಮುಖ್ಯ. ನಿಮ್ಮ ರಾಜಕೀಯಕ್ಕೆ ಒಪ್ಪುವ ಅಂಕವನ್ನು ಆರಿಸಿಕೊಳ್ಳಬೇಡಿ.

6. ಬಂದೂಕು ಹಿಡಿಯದವರನ್ನೂ ನೋಡಿ

ರಾಜ್ಯಶಾಸ್ತ್ರಜ್ಞ ರಾಬರ್ಟ್ ಪೇಪ್ 1980ರಿಂದ 2003ರವರೆಗಿನ 315 ಆತ್ಮಾಹುತಿ ದಾಳಿಗಳನ್ನು ಪಟ್ಟಿ ಮಾಡಿದರು. ಅತಿ ಹೆಚ್ಚು, 76, ಶ್ರೀಲಂಕಾದ ಎಲ್‌ಟಿಟಿಇಯದು. ಅದು ಧಾರ್ಮಿಕ ಸಂಘಟನೆಯೇ ಅಲ್ಲ. ರಾಜೀವ್ ಗಾಂಧಿಯನ್ನು ಕೊಂದ ಆ ಸಂಘಟನೆಯ ಸಂಚುಕೋರರು 1991ರ ಆಗಸ್ಟಿನಲ್ಲಿ ಕೋಣನಕುಂಟೆಯ ಮನೆಯಲ್ಲಿ ಸತ್ತದ್ದನ್ನು ನೆನೆಯುವ ಬೆಂಗಳೂರಿಗರಿಗೆ ಇದು ಅಚ್ಚರಿಯಲ್ಲ. ಪರಕೀಯ ಸೇನೆಯ ಆಕ್ರಮಣವೇ ಇಂಥ ದಾಳಿಗಳಿಗೆ ಮೂಲ ಎಂದು ಪೇಪ್ ವಾದಿಸಿದರು. 2008ರಲ್ಲಿ ಬಂದ ಟೀಕೆ ಸರಳ: ದಾಳಿ ನಡೆದ ಕಡೆಗಳನ್ನಷ್ಟೇ ನೋಡಿ ಕಾರಣ ಹೇಳಲಾಗದು, ಆಕ್ರಮಣವಿದ್ದೂ ದಾಳಿ ನಡೆಯದ ಕಡೆಗಳನ್ನೂ ನೋಡಬೇಕು. ನಾನು ಕಲಿಸುವ ಮೊದಲ ಪಾಠವೂ ಇದೇ.

ಅದೇ ವರ್ಷ ರ‍್ಯಾಂಡ್ ಸಂಸ್ಥೆಯ ಅಧ್ಯಯನವೊಂದು 1968ರಿಂದ 2006ರವರೆಗಿನ 648 ಗುಂಪುಗಳನ್ನು ಪರಿಶೀಲಿಸಿತು. ಕೊನೆಗೊಂಡ ಗುಂಪುಗಳಲ್ಲಿ ಶೇ 43 ರಾಜಕೀಯಕ್ಕೆ ಬಂದವು, ಶೇ 40 ಪೊಲೀಸ್ ಕಾರ್ಯಾಚರಣೆಯಿಂದ ಮುಗಿದವು. ಸೈನ್ಯದಿಂದ ಅಳಿದವು ಶೇ 7. ನಮ್ಮಲ್ಲೇ ನೋಡಿ: ಮಿಜೋ ಬಂಡಾಯವನ್ನು ಹತ್ತಿಕ್ಕಲು 1966ರಲ್ಲಿ ಐಜ್ವಾಲ್ ಮೇಲೆ ವಾಯುಪಡೆ ಬಾಂಬ್ ಹಾಕಿತು. 1986ರ ಒಪ್ಪಂದದ ಬಳಿಕ ಆ ಬಂಡಾಯದ ನಾಯಕ ಲಾಲ್‌ಡೆಂಗಾ ಮಿಜೋರಾಂ ಮುಖ್ಯಮಂತ್ರಿಯಾದರು. ಈ ಕಥೆಯನ್ನು ನಮ್ಮ ಪಠ್ಯಗಳು ಇನ್ನೂ ಸರಿಯಾಗಿ ಹೇಳಿಲ್ಲ ಎಂಬ ನೋವು ನನಗಿದೆ.

7. ಕೊಡಲಾಗದ ಭರವಸೆ

ಬಾಸ್ಟನ್ ಕಾಲೇಜು ಉತ್ತರ ಐರ್ಲೆಂಡಿನ ಮಾಜಿ ಬಂದೂಕುಧಾರಿಗಳ ಮಾತುಗಳನ್ನು ಧ್ವನಿಮುದ್ರಿಸಿ ಇಟ್ಟಿತ್ತು. ಅವರು ಸಾಯುವವರೆಗೂ ಹೊರಬಿಡುವುದಿಲ್ಲ ಎಂದು ಮಾತು ಕೊಡಲಾಗಿತ್ತು. 1972ರಲ್ಲಿ ಅಪಹರಿಸಿ ಕೊಲ್ಲಲಾದ, ಹತ್ತು ಮಕ್ಕಳ ತಾಯಿ ಜೀನ್ ಮೆಕ್‌ಕಾನ್ವಿಲ್ ಪ್ರಕರಣದ ತನಿಖೆಗಾಗಿ 2011ರಲ್ಲಿ ಪೊಲೀಸರು ಟೇಪುಗಳನ್ನು ಕೇಳಿದರು. ಕೋರ್ಟುಗಳ ಮೂಲಕ ಕೆಲವು ಅವರ ಕೈ ಸೇರಿದವು. 2014ರಲ್ಲಿ ಇದೇ ಪ್ರಕರಣದಲ್ಲಿ ರಾಜಕೀಯ ನಾಯಕ ಜೆರ‍್ರಿ ಆ್ಯಡಮ್ಸ್ ಬಂಧನವಾಯಿತು; ಆರೋಪ ಹೊರಿಸದೆ ಬಿಟ್ಟರು. ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಸತ್ಯ ಕೇಳುವ ಹಕ್ಕಿತ್ತು. ನಂಬಿ ಮಾತಾಡಿದವರಿಗೆ ಕೊಟ್ಟ ಮಾತೂ ಇತ್ತು. ಇವೆರಡನ್ನೂ ಒಟ್ಟಿಗೆ ಉಳಿಸಲು ಕಾಲೇಜಿನಿಂದ ಆಗಲಿಲ್ಲ.

ನಮ್ಮ ಸಾಕ್ಷ್ಯ ಕಾನೂನು ವಕೀಲರ ಗೋಪ್ಯತೆಗೆ ಕೊಡುವ ರಕ್ಷಣೆಯನ್ನು ಸಂಶೋಧಕರಿಗೆ ಕೊಡುವುದಿಲ್ಲ. ಆದ್ದರಿಂದ ಸಂದರ್ಶನ ಶುರುವಾಗುವ ಮೊದಲೇ ಇದನ್ನು ಎದುರಿನವರಿಗೆ ಅವರ ಭಾಷೆಯಲ್ಲೇ ಹೇಳಿ. ಹೆಸರು, ಊರು, ಫೋನ್ ನಂಬರು ಟಿಪ್ಪಣಿ ಪುಸ್ತಕದಲ್ಲಿ ಬೇಡ. ಯಾವುದಾದರೂ ಕೊಲೆಯಲ್ಲಿ ತಾವು ಭಾಗಿ ಎಂದು ಹೇಳಲು ಹೊರಟವರನ್ನು ಅಲ್ಲೇ ತಡೆದು, ಮೊದಲು ವಕೀಲರನ್ನು ಕಾಣುವಂತೆ ತಿಳಿಸಿ.