ಚೆಂಡಿಗೆ ಸುತ್ತಿದ ಪ್ಲಾಸ್ಟಿಕ್ ಕವರು

ಬೂಟಿಲ್ಲ ಅಂತ ಮಗುವನ್ನು ಮನೆಗೆ ಕಳಿಸುವ ಕೋಚ್‌ಗಳಿಗೆ ನಾನು 1948ರ ಲಂಡನ್ ಒಲಿಂಪಿಕ್ಸ್ ನೆನಪಿಸುತ್ತೇನೆ. ನಮ್ಮ ಬೆಂಗಳೂರಿನ ಆಟಗಾರ ಅಹ್ಮದ್ ಖಾನ್ ಇದ್ದ ಭಾರತದ ಫುಟ್‌ಬಾಲ್ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಇಲ್ಲಿನ ಗೌತಮಪುರ ಬಡಾವಣೆಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸುವಷ್ಟು ಫುಟ್‌ಬಾಲ್ ಹುಚ್ಚಿರುವ ಊರು ಇದು. ಇಲ್ಲೂ ಗ್ರೌಂಡಿನ ಅಂಚಿನಲ್ಲಿ ಕೂತು ನೋಡುವುದೇ ಆಟವಾಗಿರುವ ಮಕ್ಕಳು ಎಷ್ಟೋ ಇದ್ದಾರೆ. ಭಾನುವಾರ ಬೆಳಿಗ್ಗೆ ಆಟ ಹೇಳಿಕೊಡುತ್ತಾ ನಾನು ಕಲಿತಿದ್ದು ಇಷ್ಟು: ಮಗುವಿಗೆ ತಕ್ಕಂತೆ ಆಟ ಬದಲಾಗಬೇಕು.

ಎಂಟು ವರ್ಷದವರಿಗೆ ಹನ್ನೊಂದು ಜನರ ತಂಡ ಬೇಡವೇ ಬೇಡ. ಅದರಲ್ಲಿ ಚುರುಕಾದ ನಾಲ್ಕೈದು ಮಕ್ಕಳಿಗಷ್ಟೇ ಚೆಂಡು ಸಿಕ್ಕುತ್ತದೆ. ನಾಲ್ಕು ನಾಲ್ಕು ಮಂದಿಯ ತಂಡ, 3ನೇ ಸೈಜಿನ ಚೆಂಡು, ಗೋಲಿಗೆ ಎರಡು ಚಪ್ಪಲಿ ಸಾಕು.

ಒಮ್ಮೆ ಒಬ್ಬ ತಾಯಿ, "ಇವನಿಗೆ ಕಣ್ಣು ಕಾಣ್ಸಲ್ಲ ಸಾರ್, ಅಣ್ಣ ಆಡೋವರೆಗೂ ಇಲ್ಲೇ ಕೂತಿರ್ತಾನೆ" ಅಂದರು. ಅಂಧರ ಫುಟ್‌ಬಾಲಿಗೆ ಒಳಗೆ ಗೆಜ್ಜೆಯಂತೆ ಸದ್ದು ಮಾಡುವ ಚೆಂಡು ಬೇಕು, ನಮ್ಮಲ್ಲಿರಲಿಲ್ಲ. ತರಕಾರಿ ತಂದಿದ್ದ ಪ್ಲಾಸ್ಟಿಕ್ ಕವರಿನೊಳಗೆ ಮಾಮೂಲಿ ಚೆಂಡಿಟ್ಟು ಬಿಗಿಯಾಗಿ ಗಂಟು ಹಾಕಿದೆವು. ಉರುಳಿದಾಗ ಪರಪರ ಸದ್ದು. ಹುಡುಗ ತಲೆ ಓರೆ ಮಾಡಿ ಕೇಳಿಸಿಕೊಂಡ, ಕಾಲು ಚಾಚಿದ, ಅಂಗಾಲಿನಡಿ ಚೆಂಡನ್ನು ಒತ್ತಿ ಹಿಡಿದ. ಉಳಿದವರು ಟವೆಲಿನಿಂದ ಕಣ್ಣು ಕಟ್ಟಿಕೊಂಡರು. ಆಗ ಎಲ್ಲರಿಗಿಂತ ಚೆನ್ನಾಗಿ ಆಡಿದವನು ಅವನೇ.

2004ರ ಅಥೆನ್ಸ್‌ನಿಂದ ಪ್ಯಾರಾಲಿಂಪಿಕ್ಸ್‌ನಲ್ಲಿರುವ ಅಂಧರ ಫುಟ್‌ಬಾಲಿನ ನಿಯಮಗಳನ್ನು ಎಲ್ಲ ಕೋಚ್‌ಗಳೂ ಓದಬೇಕು. ಗೋಲ್‌ಕೀಪರ್‌ಗೆ ಕಣ್ಣು ಕಾಣುತ್ತದೆ. ಎದುರಾಳಿ ಗೋಲಿನ ಹಿಂದೆ ನಿಂತ ಗೈಡ್ ಕೂಗಿ ದಾರಿ ತೋರುತ್ತಾನೆ. ಚೆಂಡಿನತ್ತ ಹೋಗುವವನು 'ವಾಯ್' ಎಂದು ಕೂಗಲೇಬೇಕು. ಆಟ ನಡೆಯುವಾಗ ಪ್ರೇಕ್ಷಕರು ಗಪ್‌ಚುಪ್. ನಮ್ಮ ಅಪ್ಪ ಅಮ್ಮಂದಿರಿಗೆ ಅದೇ ಬಲು ಕಷ್ಟ! ಕೂಗಿ ಆಡುವ ಈ ಅಭ್ಯಾಸದಿಂದ ನಮ್ಮ ಕಣ್ಣಿರುವ ಮಕ್ಕಳೂ ಹೆಸರು ಕರೆದು ಪಾಸ್ ಕೊಡುವುದನ್ನು ಕಲಿತರು.

ಕಿವಿ ಕೇಳದ ಮಗು ಬಂದರೆ ಸೀಟಿಯ ಜೊತೆ ಬಾವುಟ ಎತ್ತಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕತ್ತಿನ ಕೀಲು ಸಡಿಲವಿರುತ್ತದೆ. ಡಾಕ್ಟರನ್ನು ಕೇಳದೆ ಹೆಡ್ ಮಾಡಿಸಬಾರದು.

ಚಿಕ್ಕವರ ಟೂರ್ನಮೆಂಟ್ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ನಾಕ್‌ಔಟ್ ಬಿಡಿ. ಬೆಳಿಗ್ಗೆ ಬಸ್ಸು ಹತ್ತಿ ಬಂದ ತಂಡ ಒಂದೇ ಆಟ ಸೋತು ವಾಪಸಾಗುತ್ತದೆ, ಗೆಲ್ಲುವ ಆಸೆಗೆ ಕೋಚ್ ಮೆಲ್ಲನೆ ಓಡುವವರನ್ನು ಹೊರಗೇ ಕೂರಿಸುತ್ತಾನೆ. ಲೀಗ್ ಮಾಡಿ, ಪ್ರತಿ ಮಗುವೂ ಕನಿಷ್ಠ ಅರ್ಧ ಆಟ ಆಡಲೇಬೇಕೆಂದು ಬರೆದಿಡಿ.